ಧ್ವಜ, ವೇಷ, ದೇಣಿಗೆ ಮುಗಿದ ಮೇಲೆ: ಜಾಗತಿಕ ಪೌರತ್ವವನ್ನು ತರಗತಿಯಲ್ಲಿ ಕಲಿಸುವ ಬಗೆ

ಜಗತ್ತಿನ ಸಮಸ್ಯೆಗಳಲ್ಲಿ ತನಗೂ ಪಾಲಿದೆಯೆಂದು ತಿಳಿದು ನಡೆಯುವುದೇ ಜಾಗತಿಕ ಪೌರತ್ವ. ಅದರ ಹೆಸರಿನಲ್ಲಿ ಶಾಲೆಗಳಲ್ಲಿ ನಡೆಯುವುದು ಹೆಚ್ಚುಕಡಿಮೆ ಮೂರೇ ಬಗೆಯ ಕಾರ್ಯಕ್ರಮ. ದೇಶಕ್ಕೊಂದು ಧ್ವಜ ಹಿಡಿಸಿ, ವೇಷ ಹಾಕಿಸಿ ಮಾಡುವ ಉತ್ಸವ ಒಂದು. ದೂರದ ಯಾವುದೋ ಬಡ ನಾಡಿಗೆಂದು ದುಡ್ಡು ಕೂಡಿಸುವುದು ಇನ್ನೊಂದು. ವಿಶ್ವಸಂಸ್ಥೆಯ 17 ಸುಸ್ಥಿರ ಅಭಿವೃದ್ಧಿ ಗುರಿಗಳ ಬಣ್ಣದ ಚೌಕಗಳನ್ನು ಗೋಡೆಗೆ ಅಂಟಿಸುವುದು ಮತ್ತೊಂದು. ಯಾವುದೂ ತಪ್ಪಲ್ಲ. ಆದರೆ ಇಷ್ಟೆಲ್ಲ ಮುಗಿದ ಮೇಲೆ ಹದಿನಾಲ್ಕು ವರ್ಷದ ವಿದ್ಯಾರ್ಥಿಯನ್ನು ಕೂರಿಸಿಕೊಂಡು, "ಈ ಸಮಸ್ಯೆ ಯಾರ ತೀರ್ಮಾನದಿಂದ ಹುಟ್ಟಿತು? ಯಾರು ಏನು ಬದಲಿಸಿದರೆ ಸರಿಹೋದೀತು? ಬದಲಿಸಿದರೆ ಯಾರಿಗೆ ಪೆಟ್ಟು ಬೀಳುತ್ತದೆ?" ಎಂದು ಕೇಳಿ ನೋಡಿ. ಸಾಮಾನ್ಯವಾಗಿ ಬರುವ ಉತ್ತರ: "ಜನರಲ್ಲಿ ಜಾಗೃತಿ ಮೂಡಿಸಬೇಕು." ಉತ್ಸವ ನಡೆದಿದೆ, ಪಾಠ ನಡೆದಿಲ್ಲ ಎಂದು ಅಲ್ಲಿಗೆ ಗೊತ್ತಾಯಿತು.

ಆ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುವ ಅಭ್ಯಾಸವನ್ನು ಹನ್ನೆರಡರಿಂದ ಹದಿನೇಳರ ವಯಸ್ಸಿನವರಿಗೆ ಹತ್ತು ವಾರಗಳಲ್ಲಿ ಮಾಡಿಸುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ.

ಕಾಗದದ ಮೇಲಿನ ಬೆಂಬಲಕ್ಕಂತೂ ಕೊರತೆಯಿಲ್ಲ. ಯುನೆಸ್ಕೊ 1974ರಲ್ಲೇ ಅಂತರರಾಷ್ಟ್ರೀಯ ತಿಳಿವಳಿಕೆ, ಶಾಂತಿ, ಮಾನವ ಹಕ್ಕುಗಳ ಶಿಕ್ಷಣಕ್ಕೆ ಒಂದು ಶಿಫಾರಸು ಹೊರಡಿಸಿತ್ತು. 2023ರ ನವೆಂಬರಿನಲ್ಲಿ ಅದನ್ನು ಪರಿಷ್ಕರಿಸಿ ಜಾಗತಿಕ ಪೌರತ್ವವನ್ನು ಶೀರ್ಷಿಕೆಗೇ ಸೇರಿಸಿತು. 2015ರಲ್ಲಿ ಒಪ್ಪಿತವಾದ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 4.7 ಎಂಬ ಉಪಗುರಿ ಇದೇ ವಿಷಯದ್ದು. ಅದೇ ವರ್ಷ ಯುನೆಸ್ಕೊ ಹೊರತಂದ ಕೈಪಿಡಿಯಲ್ಲಿ ಕಲಿಕೆಯನ್ನು ಮೂರು ಪಾಲು ಮಾಡಿದ್ದಾರೆ: ಅರಿವು, ಭಾವ ಮತ್ತು ಒಡನಾಟ, ನಡೆ. ತರಗತಿಗಳಲ್ಲಿ ಮೊದಲನೆಯದಕ್ಕೆ ಏಳು ವಾರ, ಎರಡನೆಯದಕ್ಕೆ ಒಂದು ವಿಡಿಯೊ, ಮೂರನೆಯದಕ್ಕೆ ಕೊನೆಯ ಪೀರಿಯಡ್ಡಿನ ಉಳಿದ ಹತ್ತು ನಿಮಿಷ ಸಿಗುತ್ತದೆ.

ಕಲಿಸಲು ಹೊರಡುವ ಮುನ್ನ ಶಿಕ್ಷಕರು ತಮ್ಮಲ್ಲೇ ಇತ್ಯರ್ಥ ಮಾಡಿಕೊಳ್ಳಬೇಕಾದ ಒಂದು ಮಾತಿದೆ. ಶಿಕ್ಷಣ ಸಂಶೋಧಕರಾದ ಜೋಯೆಲ್ ವೆಸ್ಟ್‌ಹೈಮರ್ ಮತ್ತು ಜೋಸೆಫ್ ಕಾನ್ 2004ರಲ್ಲಿ ಮೂರು ತೆರನ ಪೌರರನ್ನು ಗುರುತಿಸಿದರು. ಹಸಿದವರಿಗೆ ಆಹಾರ ಸಂಗ್ರಹ ನಡೆಯುತ್ತಿದೆ ಎನ್ನಿ. ಮೊದಲನೆಯವರು ತಮ್ಮ ಪಾಲು ತಂದು ಕೊಡುತ್ತಾರೆ. ಎರಡನೆಯವರು ಸಂಗ್ರಹವನ್ನು ತಾವೇ ಮುಂದೆ ನಿಂತು ನಡೆಸುತ್ತಾರೆ. ಮೂರನೆಯವರು, ಇಷ್ಟು ಜನ ಹಸಿದಿರುವುದೇಕೆ ಎಂದು ವಿಚಾರಿಸಿ ಗೊತ್ತಾದದ್ದರ ಮೇಲೆ ನಡೆದುಕೊಳ್ಳುತ್ತಾರೆ. ಒಂದನ್ನು ಕಲಿಸಿದರೆ ಉಳಿದೆರಡು ತಾನಾಗಿ ಬರುವುದಿಲ್ಲ ಎಂಬುದು ಅವರ ಅಧ್ಯಯನದಲ್ಲಿ ಕಂಡ ಮುಖ್ಯ ಸಂಗತಿ. ಕಾರ್ಯಕ್ರಮ ಚೆನ್ನಾಗಿ ನಡೆಸುವ ಮಕ್ಕಳು ಕಾರಣ ವಿಚಾರಿಸುವುದರಲ್ಲೂ ಗಟ್ಟಿ ಎಂದುಕೊಂಡರೆ ಮೋಸ ಹೋಗುತ್ತೀರಿ. ನಿಮ್ಮ ಹತ್ತು ವಾರಗಳಲ್ಲಿ ಯಾವ ತೆರನವರು ತಯಾರಾಗಬೇಕು ಎಂಬುದನ್ನು ಮೊದಲೇ ಬರೆದಿಡಿ.

ವಿಷಯ ಒಂದೇ ಇರಲಿ, ಚಿಕ್ಕದಿರಲಿ

ಹವಾಮಾನ, ಬಡತನ, ವಲಸೆ, ಯುದ್ಧ, ಲಿಂಗ ಸಮಾನತೆ ಎಂದು ವಾರಕ್ಕೊಂದು ವಿಷಯ ಹಾಕಿಕೊಂಡರೆ ಹತ್ತು ವಾರದ ಕೊನೆಗೆ ಉಳಿಯುವುದು ಹತ್ತು ಘೋಷಣೆ. ಒಂದೇ ವಿಷಯ ತೆಗೆದುಕೊಂಡು ಹತ್ತು ವಾರ ಅದರಲ್ಲೇ ಇರಿ. ಆಯ್ಕೆಗೆ ನಾಲ್ಕು ಪರೀಕ್ಷೆ ಸಾಕು. ವಿದ್ಯಾರ್ಥಿ ಕೈಯಲ್ಲಿ ಹಿಡಿಯಬಹುದಾದ ವಸ್ತುವಿನಿಂದ ಅದು ಶುರುವಾಗಬೇಕು. ಪ್ರಾಮಾಣಿಕರಾದ ಇಬ್ಬರು ಅದರ ಬಗ್ಗೆ ಬೇರೆ ಬೇರೆ ಅಭಿಪ್ರಾಯ ಹೊಂದಿರಲು ಸಾಧ್ಯವಿರಬೇಕು. ತೀರ್ಮಾನ ಮಾಡುವವರು ಯಾರು ಎಂದು ಬೆರಳು ತೋರಿಸಲು ಆಗಬೇಕು. ಮಕ್ಕಳೇ ಓದಬಲ್ಲ ಮೂಲಗಳು ಕನಿಷ್ಠ ಐದಾರು ಸಿಗಬೇಕು. "ಪ್ಲಾಸ್ಟಿಕ್ ಮಾಲಿನ್ಯ" ಈ ಪರೀಕ್ಷೆಯಲ್ಲಿ ಬಿದ್ದುಹೋಗುತ್ತದೆ, ಅಷ್ಟು ದೊಡ್ಡದು. "ಈ ಹತ್ತಿ ಅಂಗಿ ಯಾರ್ಯಾರ ಕೈ ದಾಟಿ ಬಂತು" ಎಂಬುದು ನಿಲ್ಲುತ್ತದೆ. ಮೊಬೈಲ್ ಬ್ಯಾಟರಿಯೊಳಗಿನ ಕೋಬಾಲ್ಟ್ ಕೂಡ ನಿಲ್ಲುತ್ತದೆ. ಜಗತ್ತಿನಲ್ಲಿ ಗಣಿಯಿಂದ ತೆಗೆಯುವ ಕೋಬಾಲ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದ್ದೇ ಆದ್ದರಿಂದ ದಾರಿ ಹುಡುಕುವುದೂ ಸುಲಭ.

ಅಂಗಿಯನ್ನೇ ಹಿಡಿದು ನೋಡೋಣ. ಮೊದಲ ಪೀರಿಯಡ್ಡಿನಲ್ಲಿ ಏನನ್ನೂ ಹೇಳಿಕೊಡದೆ, ಖಾಲಿ ಹಾಳೆ ಕೊಟ್ಟು, ಹತ್ತಿ ಬೀಜದಿಂದ ಮೈಮೇಲಿನ ಅಂಗಿಯವರೆಗಿನ ದಾರಿಯನ್ನು ಚಿತ್ರವಾಗಿ ಬರೆಯಲು ಹೇಳಿ. ಹದಿನೈದು ನಿಮಿಷ. ಪ್ರತಿ ಹಂತದಲ್ಲಿ ಯಾರು ಇದ್ದಾರೆ, ಅವರಿಗೆ ಹಣ ಯಾರು ಕೊಡುತ್ತಾರೆ, ಆ ಹಂತದ ನಿಯಮ ಯಾರದ್ದು ಎಂದು ಗುರುತು ಹಾಕಿಸಿ. ಹಾಳೆಗಳನ್ನು ತೆಗೆದು ಭದ್ರವಾಗಿಡಿ, ಹತ್ತನೇ ವಾರದಲ್ಲಿ ಬೇಕಾಗುತ್ತವೆ. ಸಾಮಾನ್ಯವಾಗಿ ಚಿತ್ರದಲ್ಲಿ ಮೂರು ಹಂತ ಇರುತ್ತವೆ: ಹೊಲ, ಕಾರ್ಖಾನೆ, ಅಂಗಡಿ. ಹತ್ತಿ ಬಿಡಿಸುವವರು, ಜಿನ್ನಿಂಗ್ (ಹತ್ತಿಯಿಂದ ಬೀಜ ಬೇರ್ಪಡಿಸುವುದು), ನೂಲು, ನೇಯ್ಗೆ, ಬಣ್ಣ, ಕತ್ತರಿಕೆ, ಹೊಲಿಗೆ, ಹಡಗು, ಆಮದು ಸುಂಕ, ಬ್ರ್ಯಾಂಡಿನ ಖರೀದಿ ವಿಭಾಗ, ಕೊನೆಗೆ ಎಸೆದ ಬಟ್ಟೆಯ ವ್ಯಾಪಾರ ಇವೆಲ್ಲ ಬಿಟ್ಟುಹೋಗಿರುತ್ತವೆ. ಅಂದರೆ ತೀರ್ಮಾನ ನಡೆಯುವ ಜಾಗಗಳೇ ಬಿಟ್ಟುಹೋಗಿರುತ್ತವೆ.

ಎರಡನೇ ವಾರ ಒಂದು ಸಂಖ್ಯೆ ಕೊಡಿ: 250 ಗ್ರಾಂ ತೂಕದ ಹತ್ತಿ ಅಂಗಿಗೆ ಸುಮಾರು 2,500 ಲೀಟರ್ ನೀರು. ಮಕ್ಕಳು ಬೆರಗಾಗುತ್ತಾರೆ, ಪೋಸ್ಟರ್ ಬರೆಯಲು ಹೊರಡುತ್ತಾರೆ. ಅಲ್ಲೇ ತಡೆಯಿರಿ. ಈ ಲೆಕ್ಕ ಬಂದದ್ದು ಒಂದು ಕಿಲೊ ಹತ್ತಿ ಬಟ್ಟೆಗೆ ಸರಾಸರಿ 10,000 ಲೀಟರ್ ಎಂಬ ಜಾಗತಿಕ ಅಂದಾಜಿನಿಂದ. ಸರಾಸರಿ ಎಂದರೆ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ? ಇದರಲ್ಲಿ ಮಳೆ ನೀರೆಷ್ಟು, ನಾಲೆಯಿಂದ ಹಾಯಿಸಿದ್ದೆಷ್ಟು? ಮಳೆಯಾಶ್ರಿತ ಹೊಲದ ಒಂದು ಲೀಟರೂ ಮರುಭೂಮಿಗೆ ನಾಲೆ ತಿರುಗಿಸಿ ಹರಿಸಿದ ಒಂದು ಲೀಟರೂ ಒಂದೇ ಅಲ್ಲ. 1960ರ ದಶಕದಿಂದ ಮಧ್ಯ ಏಷ್ಯಾದ ಅಮು ದರ್ಯಾ, ಸಿರ್ ದರ್ಯಾ ನದಿಗಳನ್ನು ಹತ್ತಿ ಹೊಲಗಳಿಗೆ ತಿರುಗಿಸಿದ್ದರಿಂದ ಅರಲ್ ಸಮುದ್ರ ಬತ್ತಿತು; ಅದನ್ನು ನಕ್ಷೆಯಲ್ಲಿ ತೋರಿಸಿ. ಯಾವುದೇ ದೊಡ್ಡ ಸಂಖ್ಯೆ ಎದುರಾದಾಗಲೂ ಇದೇ ವಿಚಾರಣೆ: ಯಾರು ಅಳೆದರು, ಯಾವುದರ ಸರಾಸರಿ, ಏನನ್ನು ಸೇರಿಸಿದ್ದಾರೆ, ಯಾವುದಕ್ಕೆ ಹೋಲಿಸಬೇಕು. ಸಂಖ್ಯೆ ಸುಳ್ಳಲ್ಲದಿದ್ದರೂ ಅದನ್ನು ಬಳಸುವ ರೀತಿ ದಾರಿ ತಪ್ಪಿಸಬಹುದು ಎಂಬುದು ಒಮ್ಮೆ ತಲೆಗೆ ಹೋದರೆ ಮುಂದಿನ ಅರ್ಧ ಕೆಲಸ ಹಗುರ.

ಮೂಲಗಳನ್ನು ಪರೀಕ್ಷಿಸುವ ಅಭ್ಯಾಸವನ್ನೂ ಇಲ್ಲೇ ಸೇರಿಸಬೇಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 10 ಇತಿಹಾಸಕಾರರು, 10 ವೃತ್ತಿಪರ ಸತ್ಯಶೋಧಕರು, 25 ಪದವಿ ವಿದ್ಯಾರ್ಥಿಗಳು ವೆಬ್‌ಸೈಟುಗಳನ್ನು ತೂಗುವ ಬಗೆಯನ್ನು ಕೂತು ಗಮನಿಸಿದರು. ವಿದ್ಯಾರ್ಥಿಗಳಷ್ಟೇ ಅಲ್ಲ, ಇತಿಹಾಸಕಾರರೂ ಎಷ್ಟೋ ಸಲ ಪುಟದ ಅಂದಚಂದಕ್ಕೆ ಮರುಳಾದರು. ಸತ್ಯಶೋಧಕರು ಮಾಡಿದ್ದು ಬೇರೆ: ಪುಟ ತೆರೆದ ಕೆಲವೇ ಕ್ಷಣಗಳಲ್ಲಿ ಅದನ್ನು ಬಿಟ್ಟು, ಪಕ್ಕದಲ್ಲಿ ಹೊಸ ಟ್ಯಾಬ್ ತೆರೆದು, ಈ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳಿದ್ದಾರೆ ಎಂದು ಹುಡುಕಿದರು. ತರಗತಿಯಲ್ಲಿ ಇದಕ್ಕೆ ಎರಡು ನಿಮಿಷದ ಗಡಿ ಇಡಿ. ಮೂರು ಟ್ಯಾಬ್: ನಡೆಸುವವರು ಯಾರು, ಹಣ ಯಾರದ್ದು, ವಿರೋಧಿಗಳು ಏನೆನ್ನುತ್ತಾರೆ. ಸಂಸ್ಥೆಯ "ನಮ್ಮ ಬಗ್ಗೆ" ಪುಟವನ್ನು ಓದಿ ತೀರ್ಪು ಕೊಡುವುದು ಮಕ್ಕಳು ಮಾಡುವ ಮೊದಲ ತಪ್ಪು. ವೆಬ್ ವಿಳಾಸದ ಕೊನೆಯ ಮೂರಕ್ಷರ (.org ನಂಥದ್ದು) ನೋಡಿ ನಂಬುವುದು ಎರಡನೆಯದು. ಒಂದೇ ದಿನದ ಕಾರ್ಯಾಗಾರದಿಂದ ಇದು ರೂಢಿಯಾಗದು. ವಾರಕ್ಕೊಮ್ಮೆ ಹತ್ತು ನಿಮಿಷದಂತೆ ಆರು ವಾರ ಮಾಡಿಸಿದರೆ ಕೈ ಪಳಗುತ್ತದೆ.

ಒಳ್ಳೆಯ ಉದ್ದೇಶ ಕೆಟ್ಟ ಫಲ ಕೊಟ್ಟಾಗ

ಇಡೀ ಹತ್ತು ವಾರದಲ್ಲಿ ಒಂದೇ ಒಂದು ಪಾಠಕ್ಕೆ ಸಮಯ ಇದೆ ಎಂದರೂ ಇದನ್ನು ಬಿಡಬೇಡಿ.

1992ರಲ್ಲಿ ಅಮೆರಿಕದ ಸೆನೆಟರ್ ಟಾಮ್ ಹಾರ್ಕಿನ್ ಒಂದು ಮಸೂದೆ ಮಂಡಿಸಿದರು. ಮಕ್ಕಳ ದುಡಿಮೆಯಿಂದ ತಯಾರಾದ ವಸ್ತುಗಳನ್ನು ಅಮೆರಿಕಕ್ಕೆ ಆಮದು ಮಾಡಿಕೊಳ್ಳಬಾರದು ಎಂಬುದು ಅದರ ಸಾರ. ಮಸೂದೆ ಕಾನೂನಾಗಲೇ ಇಲ್ಲ. ಆದರೆ ಸುದ್ದಿ ತಲುಪಿದ್ದೇ ಸಾಕಾಯಿತು: ಅಮೆರಿಕದ ಮಾರುಕಟ್ಟೆ ಕೈತಪ್ಪುವ ಭಯಕ್ಕೆ ಬಾಂಗ್ಲಾದೇಶದ ಸಿದ್ಧ ಉಡುಪು ಕಾರ್ಖಾನೆಗಳು ಮಕ್ಕಳನ್ನು ಹೊರಹಾಕಿದವು. ಸುಮಾರು 50,000 ಮಕ್ಕಳು ಎಂಬುದು ಅಂದಾಜು. ಅವರು ಶಾಲೆಗೆ ಹೋದರೆಂದು ಯಾರಾದರೂ ಭಾವಿಸಿದ್ದರೆ ಅದು ಹುಸಿಯಾಯಿತು. ಆಮೇಲೆ ವಿಚಾರಿಸಿದಾಗ ಅನೇಕರು ಕಲ್ಲು ಒಡೆಯುವ ಕೆಲಸದಲ್ಲಿ, ಬೀದಿಯಲ್ಲಿ, ಇನ್ನೂ ಕೆಟ್ಟ ಕಡೆಗಳಲ್ಲಿ ಸಿಕ್ಕರೆಂದು ಯುನಿಸೆಫ್ 1997ರ ತನ್ನ ವಾರ್ಷಿಕ ವರದಿಯಲ್ಲಿ ದಾಖಲಿಸಿತು. 1995ರ ಜುಲೈನಲ್ಲಿ ಅಲ್ಲಿನ ಉಡುಪು ತಯಾರಕರ ಸಂಘ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ, ಯುನಿಸೆಫ್ ಸೇರಿ ಒಂದು ಒಪ್ಪಂದಕ್ಕೆ ಬಂದವು: 14 ವರ್ಷದೊಳಗಿನವರನ್ನು ಇನ್ನು ಹೊಸದಾಗಿ ಸೇರಿಸಿಕೊಳ್ಳಬಾರದು, ಈಗಿರುವವರನ್ನು ಶಾಲೆಯ ವ್ಯವಸ್ಥೆ ಆಗದೆ ಬಿಡಿಸಬಾರದು, ಬಿಟ್ಟ ಮಕ್ಕಳಿಗೆ ತಿಂಗಳಿಗೆ ಇಷ್ಟೆಂದು ಸಹಾಯಧನ, ಅವರ ಕೆಲಸವನ್ನು ಮನೆಯ ದೊಡ್ಡವರಿಗೆ ಕೊಡಬೇಕು.

ಇದನ್ನು ಕಥೆಯಾಗಿ ಹೇಳಿಬಿಟ್ಟರೆ ವ್ಯರ್ಥ. ಮೂರು ಲಕೋಟೆ ಮಾಡಿ. ನಾಲ್ಕು ನಾಲ್ಕು ಮಂದಿಯ ಗುಂಪಿಗೆ ಮೊದಲು ಮಸೂದೆಯ ಲಕೋಟೆ ಮಾತ್ರ. ಎಂಟು ನಿಮಿಷ ಚರ್ಚೆ, ಆಮೇಲೆ ಪ್ರತಿಯೊಬ್ಬರೂ ತಮ್ಮ ಮತವನ್ನು ಚೀಟಿಯಲ್ಲಿ ಬರೆದು ಮಡಚಿಡಬೇಕು. ಬರೆಸದಿದ್ದರೆ ಆಮೇಲೆ ಎಲ್ಲರೂ "ನಾನು ಆಗಲೇ ಅಂದುಕೊಂಡಿದ್ದೆ" ಎನ್ನುತ್ತಾರೆ. ಎರಡನೇ ಲಕೋಟೆಯಲ್ಲಿ ಮಕ್ಕಳನ್ನು ಹೊರಹಾಕಿದ ಸಂಗತಿ. ಈಗ ಕೇಳಬೇಕಾದದ್ದು "ಯಾರದು ತಪ್ಪು" ಎಂದಲ್ಲ. "ಮಸೂದೆ ಬರೆದವರು ಯಾರನ್ನು ಕೇಳಬೇಕಿತ್ತು, ಏನೆಂದು ಕೇಳಬೇಕಿತ್ತು" ಎಂದು. ಹಲವು ಶಿಕ್ಷಕರು ಇಲ್ಲಿಗೇ ನಿಲ್ಲಿಸುತ್ತಾರೆ. ಹಾಗೆ ನಿಲ್ಲಿಸಿದರೆ ಮಕ್ಕಳು ತೆಗೆದುಕೊಂಡು ಹೋಗುವ ಪಾಠ ಒಂದೇ: ಏನು ಮಾಡಿದರೂ ಕೆಡುತ್ತದೆ, ಸುಮ್ಮನಿರುವುದೇ ಲೇಸು. ಮೂರನೇ ಲಕೋಟೆ ಇರುವುದೇ ಅದಕ್ಕೆ. 1995ರ ಒಪ್ಪಂದದ ಒಂದೊಂದು ಷರತ್ತನ್ನೂ ಓದಿಸಿ, ಇದು ಹಿಂದಿನ ಯಾವ ಹಾನಿಗೆ ಉತ್ತರ ಎಂದು ಜೋಡಿಸಲು ಹೇಳಿ. ಸಹಾಯಧನ ಏಕೆ ಬೇಕಾಯಿತು ಎಂಬಲ್ಲಿ ಅರ್ಧ ತರಗತಿ ತಡವರಿಸುತ್ತದೆ. ಮಗುವಿನ ಸಂಬಳದಿಂದ ಮನೆಯ ಖರ್ಚು ನಡೆಯುತ್ತಿತ್ತು ಎಂಬುದು ಅವರಿಗೆ ಹೊಳೆಯುವುದು ಆಗಲೇ.

ಮುಂದಿನ ಪೀರಿಯಡ್ಡಿಗೆ ಇದೇ ದೇಶದ ಇನ್ನೊಂದು ಘಟನೆ. 2013ರ ಏಪ್ರಿಲ್ 24ರಂದು ಢಾಕಾ ಬಳಿಯ ಸಾವರ್‌ನಲ್ಲಿ ಉಡುಪು ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕು ಕಂಡಿತ್ತು. ಕೆಳಗಿನ ಅಂತಸ್ತಿನ ಬ್ಯಾಂಕು, ಅಂಗಡಿಗಳು ಬಾಗಿಲು ಹಾಕಿದವು. ಹೊಲಿಗೆಯವರನ್ನು ಮಾತ್ರ ಒಳಗೆ ಕರೆದರು. ಈ ಒಂದು ವಿವರ ಯಾವ ಭಾಷಣಕ್ಕಿಂತಲೂ ಹೆಚ್ಚು ಕಲಿಸುತ್ತದೆ. ಒಳಗೆ ಹೋಗುವುದಿಲ್ಲ ಎನ್ನುವ ಶಕ್ತಿ ಯಾರಿಗಿತ್ತು, ಯಾರಿಗಿರಲಿಲ್ಲ? ಮರು ತಿಂಗಳೇ ಬ್ರ್ಯಾಂಡುಗಳು ಮತ್ತು ಕಾರ್ಮಿಕ ಸಂಘಟನೆಗಳ ನಡುವೆ ಕಟ್ಟಡ ಹಾಗೂ ಅಗ್ನಿ ಸುರಕ್ಷತೆಯ ಒಪ್ಪಂದವಾಯಿತು. ಅದು ಕಾನೂನಿನ ಪ್ರಕಾರ ಬದ್ಧವಾಗಿತ್ತು, ಕಾರ್ಮಿಕರ ಸಂಘಗಳೇ ಸಹಿದಾರರಾಗಿದ್ದವು, ತಪಾಸಣೆಯ ವರದಿಗಳು ಬಹಿರಂಗವಾಗಿದ್ದವು. "ಆ ಅಂಗಿ ಕೊಳ್ಳುವುದಿಲ್ಲ" ಎಂಬ ಬಹಿಷ್ಕಾರಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಮಕ್ಕಳೇ ಪಟ್ಟಿ ಮಾಡಲಿ. ಬಹಿಷ್ಕಾರ ಯಾವಾಗಲೂ ತಪ್ಪು ಎಂಬ ತೀರ್ಮಾನಕ್ಕೂ ತಳ್ಳಬೇಡಿ. ತೊಂದರೆಗೊಳಗಾದವರೇ ಅದನ್ನು ಕೇಳಿದ್ದಾರೋ ಇಲ್ಲವೋ ಎಂಬುದರ ಮೇಲೆ ಬಹಳ ನಿಂತಿದೆ.

ದುಡ್ಡು ಕೂಡಿಸುವ ಅಭಿಯಾನಗಳನ್ನು ತೂಗಲೂ ಇದೇ ತಕ್ಕಡಿ ಸಾಕು. ಶಿಕ್ಷಣ ಸಂಶೋಧಕಿ ವನೆಸ್ಸಾ ಆಂಡ್ರಿಯೊಟ್ಟಿ 2006ರಲ್ಲಿ ಮೃದು ಮತ್ತು ವಿಮರ್ಶಾತ್ಮಕ ಎಂದು ಜಾಗತಿಕ ಪೌರತ್ವ ಶಿಕ್ಷಣವನ್ನು ಎರಡಾಗಿ ನೋಡಿದರು. ಮೃದು ಬಗೆಯಲ್ಲಿ ನಾವು ಉದ್ಧಾರಕರು, ಅವರು ಅಸಹಾಯಕರು. ವಿಮರ್ಶಾತ್ಮಕ ಬಗೆಯಲ್ಲಿ ಈ ಅಸಮಾನತೆ ಹೇಗೆ ಬಂತು, ಅದರಲ್ಲಿ ನಮ್ಮ ಪಾಲೇನು ಎಂದು ಕೇಳುತ್ತಾರೆ. ಸಹಾಯ ಬೇಡುವ ಯಾವುದಾದರೂ ಪೋಸ್ಟರನ್ನು ಎದುರಿಗಿಟ್ಟು ಕೇಳಿಸಿ: ಚಿತ್ರದಲ್ಲಿ ಯಾರಿಗೆ ಹೆಸರಿದೆ, ಯಾರು ಏನನ್ನೋ ಮಾಡುತ್ತಿದ್ದಾರೆ, ಯಾರು ಸುಮ್ಮನೆ ನೋಡುತ್ತಿದ್ದಾರೆ, ಈ ಬಡತನಕ್ಕೆ ಹಿಂದಿನ ಚರಿತ್ರೆ ಏನಾದರೂ ಇದೆಯೆಂದು ಹೇಳಿದ್ದಾರೆಯೇ. ಇಪ್ಪತ್ತು ನಿಮಿಷದ ಕೆಲಸ.

ಜಗಳವಾಗದ ಹಾಗೆ ಭಿನ್ನಾಭಿಪ್ರಾಯ

ಪಾಠ ಇಷ್ಟು ದೂರ ಬಂದ ಮೇಲೆ ರಾಜಕೀಯ ಬಂದೇ ಬರುತ್ತದೆ. ಪೋಷಕರಿಂದ ದೂರು ಬರುವುದೂ ಇಲ್ಲೇ. ಇದಕ್ಕೆ 1976ರಲ್ಲಿ ಜರ್ಮನಿಯ ಬಾಯ್ಟೆಲ್ಸ್‌ಬಾಖ್ ಎಂಬಲ್ಲಿ ನಡೆದ ಶಿಕ್ಷಣ ತಜ್ಞರ ಸಭೆಯಿಂದ ಹೊರಬಂದ ಮೂರು ಸೂತ್ರಗಳು ಇಂದಿಗೂ ಒಳ್ಳೆಯ ಆಸರೆ. ಶಿಕ್ಷಕರು ತಮ್ಮ ಅಭಿಪ್ರಾಯವನ್ನು ಮಕ್ಕಳ ಮೇಲೆ ಹೇರಬಾರದು. ಹೊರಗೆ ವಿವಾದದಲ್ಲಿರುವುದು ತರಗತಿಯಲ್ಲೂ ವಿವಾದವಾಗಿಯೇ ಬರಬೇಕು. ವಿದ್ಯಾರ್ಥಿ ತನ್ನ ಹಿತ ಯಾವುದರಲ್ಲಿದೆ ಎಂದು ತಾನೇ ಕಂಡುಕೊಳ್ಳುವ ಶಕ್ತಿ ಪಡೆಯಬೇಕು. ಈ ಮೂರನ್ನು ವರ್ಷದ ಆರಂಭದಲ್ಲೇ ಪೋಷಕರಿಗೆ ಬರೆದು ಕಳಿಸಿದರೆ ಆಮೇಲಿನ ಅರ್ಧ ತಕರಾರು ತಪ್ಪುತ್ತದೆ.

ಎರಡನೇ ಸೂತ್ರವನ್ನು ಅತಿಯಾಗಿ ಹಿಡಿದರೂ ಕಷ್ಟ. ಭೂಮಿ ಬಿಸಿಯಾಗುತ್ತಿರುವುದು ಮನುಷ್ಯರಿಂದಲೇ ಎಂಬುದು ತೀರ್ಮಾನವಾದ ಸಂಗತಿ, ಅದಕ್ಕೆ ಪರ ವಿರೋಧ ಏರ್ಪಡಿಸಬಾರದು. ತಾಪ ಇಳಿಸುವ ಖರ್ಚನ್ನು ಯಾವ ದೇಶ ಎಷ್ಟು ಹೊರಬೇಕು ಎಂಬುದು ತೆರೆದ ಪ್ರಶ್ನೆ, ಅದಕ್ಕೆ ಏರ್ಪಡಿಸಿ. ಹಾಗೆಯೇ ತರಗತಿಯಲ್ಲಿ ಕುಳಿತಿರುವ ಒಬ್ಬ ಮಗುವಿನ ಘನತೆಯನ್ನೇ ಚರ್ಚೆಯ ವಿಷಯ ಮಾಡಬಾರದು.

ವಿಧಾನಕ್ಕೆ ಬಂದರೆ, ಶಿಕ್ಷಣ ಸಂಶೋಧಕರಾದ ಡೇವಿಡ್ ಮತ್ತು ರೋಜರ್ ಜಾನ್ಸನ್ ಸಹೋದರರು ರೂಪಿಸಿದ ಕ್ರಮ ಸಾಮಾನ್ಯ ಚರ್ಚಾಸ್ಪರ್ಧೆಗಿಂತ ಎಷ್ಟೋ ಮೇಲು. ನಾಲ್ವರ ಗುಂಪು, ಒಳಗೆ ಎರಡು ಜೋಡಿ. ಒಂದೇ ಹಾಳೆಯ ಓದು ಎರಡೂ ಕಡೆಗೆ. ಹತ್ತು ನಿಮಿಷ ತಯಾರಿ. ಮೊದಲ ಜೋಡಿ ಮೂರು ನಿಮಿಷ ವಾದ ಮಂಡಿಸುತ್ತದೆ; ಎದುರಿನ ಜೋಡಿ ಉತ್ತರ ಕೊಡುವಂತಿಲ್ಲ, ಕೇಳಿದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. "ಹೌದು, ನಾವು ಹೇಳಿದ್ದು ಇದನ್ನೇ" ಎಂದು ಮೊದಲ ಜೋಡಿ ಒಪ್ಪುವ ತನಕ ಮುಂದೆ ಹೋಗುವಂತಿಲ್ಲ. ಆಮೇಲೆ ಎರಡನೇ ಜೋಡಿಯ ಸರದಿ, ಅದೇ ನಿಯಮ. ಬಳಿಕ ಐದು ನಿಮಿಷ ಪಕ್ಷ ಅದಲು ಬದಲು. ಕೊನೆಯ ಹತ್ತು ನಿಮಿಷ ಪಕ್ಷಗಳನ್ನೆಲ್ಲ ಬಿಟ್ಟು ನಾಲ್ವರೂ ಸೇರಿ ಎರಡು ವಾಕ್ಯ ಬರೆಯಬೇಕು: ಎಲ್ಲಿ ಒಪ್ಪಿದೆವು, ಎಲ್ಲಿ ಒಪ್ಪಲಿಲ್ಲ. ಎಲ್ಲ ಸೇರಿ 45 ನಿಮಿಷ. ಅವಸರ ಬಿದ್ದಾಗ ಶಿಕ್ಷಕರು ಮೊದಲು ಕೈಬಿಡುವುದು ತಿರುಗಿ ಹೇಳುವ ಹಂತವನ್ನೇ. ಅದು ಹೋದರೆ ಉಳಿಯುವುದು ಮಾಮೂಲಿ ವಾಗ್ವಾದ. ವಿಶ್ವಸಂಸ್ಥೆಯ ಅಣಕು ಅಧಿವೇಶನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕರಡು ನಿರ್ಣಯ ಬರೆಯುವ ಶಿಸ್ತು ಅಲ್ಲಿ ಚೆನ್ನಾಗಿ ಬರುತ್ತದೆ, ಆದರೆ ಪ್ರಶಸ್ತಿ ಇಟ್ಟ ಕೂಡಲೇ ಮಾತುಗಾರರಷ್ಟೇ ಮುಂದೆ ಬರುತ್ತಾರೆ.

ಬೇರೆ ದೇಶದ ತರಗತಿಯೊಂದಿಗೆ ಒಡನಾಟ

ಆನ್‌ಲೈನಿನಲ್ಲಿ ಜೋಡಿ ತರಗತಿ ಸಿಕ್ಕರೆ ಎಲ್ಲ ಸಿಕ್ಕಿತೆಂದು ಭಾವಿಸುವವರಿದ್ದಾರೆ. ಸುಮ್ಮನೆ ಭೇಟಿ ಮಾಡಿಸಿದ ಮಾತ್ರಕ್ಕೆ ಪೂರ್ವಗ್ರಹ ಕರಗುತ್ತದೆಂದು ಹೇಳುವಂತಿಲ್ಲ. ಕೆಲವೊಮ್ಮೆ ಗಟ್ಟಿಯೂ ಆಗುತ್ತದೆ. ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ನಾಲ್ಕು ಷರತ್ತು ಹೇಳಿದ್ದರು: ಸಮಾನ ಸ್ಥಾನ, ಒಂದೇ ಗುರಿ, ಕೂಡಿ ಮಾಡುವ ಕೆಲಸ, ಸಂಸ್ಥೆಯ ಬೆಂಬಲ. 2006ರಲ್ಲಿ ಮನಶ್ಶಾಸ್ತ್ರಜ್ಞರಾದ ಪೆಟಿಗ್ರೂ ಮತ್ತು ಟ್ರಾಪ್ 515 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಒಡನಾಟದಿಂದ ಪೂರ್ವಗ್ರಹ ಸಾಮಾನ್ಯವಾಗಿ ತಗ್ಗುತ್ತದೆ, ಈ ಷರತ್ತುಗಳಿದ್ದಲ್ಲಿ ಇನ್ನಷ್ಟು ತಗ್ಗುತ್ತದೆ ಎಂದು ಕಂಡಿತು.

ಷರತ್ತುಗಳನ್ನು ಕೆಲಸಕ್ಕೆ ಇಳಿಸುವುದು ಹೀಗೆ. ಆ ಕಡೆಯಿಂದ ಮೂವರು, ಈ ಕಡೆಯಿಂದ ಮೂವರು ಸೇರಿದ ಗುಂಪು. ಕೊನೆಗೆ ಎರಡೂ ಕಡೆಯವರ ಹೆಸರಿರುವ ಒಂದೇ ವಸ್ತು ತಯಾರಾಗಬೇಕು: ಅಂಗಿಯ ದಾರಿಯ ಒಂದೇ ನಕ್ಷೆ, ಅಥವಾ ಎರಡೂ ಶಾಲೆಗಳ ನೀರಿನ ಬಳಕೆಯ ಒಂದೇ ಕೋಷ್ಟಕ. ಅವಧಿ ಆರರಿಂದ ಎಂಟು ವಾರ. ನೇರ ವಿಡಿಯೊ ಕರೆ ಆರಂಭಕ್ಕೊಂದು, ಕೊನೆಗೊಂದು ಸಾಕು. ನಡುವೆ ಬರಹ, ಧ್ವನಿ, ಚಿತ್ರಗಳ ವಿನಿಮಯ, 72 ಗಂಟೆಯೊಳಗೆ ಉತ್ತರ. "ನಿಮ್ಮ ಸಂಸ್ಕೃತಿ ಪರಿಚಯಿಸಿ" ಎಂದು ಶುರುಮಾಡಿದರೆ ಎರಡೂ ಕಡೆಯವರು ಪ್ರವಾಸೋದ್ಯಮದ ಜಾಹೀರಾತು ಕಳಿಸಿಕೊಳ್ಳುತ್ತಾರೆ. ಬದಲಿಗೆ, ನಿನ್ನೆಯ ದಿನವನ್ನು ಗಂಟೆ ಗಂಟೆಗೆ ಬರೆದು ಕಳಿಸಲಿ.

ಮೂರನೇ ವಾರದ ಹೊತ್ತಿಗೆ ಮೌನ ಆವರಿಸುವುದು ಬಹಳ ಸಾಮಾನ್ಯ. ಕಾರಣ ಬಹುತೇಕ ರಜಾದಿನಗಳ ಪಟ್ಟಿ, ಪರೀಕ್ಷೆಯ ವೇಳಾಪಟ್ಟಿ. ಇಬ್ಬರು ಶಿಕ್ಷಕರೂ ಮೊದಲೇ ಎರಡೂ ಕ್ಯಾಲೆಂಡರ್ ಪಕ್ಕಪಕ್ಕ ಇಟ್ಟುಕೊಂಡು ಕೂತರೆ ತಪ್ಪುತ್ತದೆ. ಇನ್ನೊಂದು ತೊಡಕು ಭಾಷೆಯದು. ಯಾವ ಭಾಷೆಯಲ್ಲಿ ವ್ಯವಹಾರ ನಡೆಯುತ್ತದೋ ಅದು ಮನೆಮಾತಾಗಿರುವ ಮಕ್ಕಳು ಗುಂಪನ್ನು ಆಳುತ್ತಾರೆ. ಬರಹಕ್ಕೆ ಪದಮಿತಿ, ಚಿತ್ರ ಕಡ್ಡಾಯ, ಪ್ರಶ್ನೆಗಳ ಸಂಖ್ಯೆ ಎರಡೂ ಕಡೆಗೆ ಒಂದೇ ಎಂಬ ನಿಯಮಗಳಿಂದ ಸ್ವಲ್ಪ ಸರಿದೂಗುತ್ತದೆ. ಒಂದು ತರಗತಿ ಇನ್ನೊಂದಕ್ಕೆ ಹಣವನ್ನಾಗಲಿ ವಸ್ತುವನ್ನಾಗಲಿ ಕೊಡಕೂಡದು, ಎಷ್ಟೇ ಒಳ್ಳೆಯ ಮನಸ್ಸಿನಿಂದಾದರೂ ಸರಿ. ಕೊಟ್ಟ ದಿನವೇ ಸಮಾನ ಸ್ಥಾನ ಮುಗಿಯಿತು. ಸುರಕ್ಷತೆಯ ವಿಷಯದಲ್ಲಿ ರಾಜಿಯಿಲ್ಲ: ಪೋಷಕರ ಲಿಖಿತ ಒಪ್ಪಿಗೆ, ಶಿಕ್ಷಕರು ನೋಡಬಲ್ಲ ಖಾತೆ, ಮೊದಲ ಹೆಸರು ಮಾತ್ರ, ವಿಳಾಸ ಮತ್ತು ಫೋನ್ ಇಲ್ಲ, ಬಹಿರಂಗವಾಗಿ ಹಾಕುವ ಚಿತ್ರದಲ್ಲಿ ಮುಖ ಇಲ್ಲ.

ಕಾರ್ಯಕ್ಕಿಳಿಯುವುದು

ಅಮೆರಿಕದ ಶೆರಿ ಆರ್ನ್‌ಸ್ಟೈನ್ 1969ರಲ್ಲಿ ನಾಗರಿಕರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲ ಏಣಿಯಾಗಿ ಬಿಡಿಸಿದ್ದರು. ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗಾಗಿ ಅದನ್ನೇ ಮಕ್ಕಳಿಗೆ ಹೊಂದಿಸಿದರು. ಕೆಳಗಿನ ಮೂರು ಮೆಟ್ಟಿಲು, ಅಂದರೆ ಮಕ್ಕಳನ್ನು ಬಳಸಿಕೊಳ್ಳುವುದು, ಅಲಂಕಾರಕ್ಕೆ ನಿಲ್ಲಿಸುವುದು, ನೆಪಮಾತ್ರಕ್ಕೆ ಕೂರಿಸುವುದು, ಪಾಲ್ಗೊಳ್ಳುವಿಕೆಯೇ ಅಲ್ಲ ಎಂದರು. ದೊಡ್ಡವರು ಬರೆದ ಘೋಷಣೆಯನ್ನು ಹಿಡಿದು ಮಕ್ಕಳು ನಡೆಯುವ ಮೆರವಣಿಗೆ ಯಾವ ಮೆಟ್ಟಿಲು ಎಂದು ಹೇಳಬೇಕಾಗಿಲ್ಲ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಮಗುವಿಗೆ ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕು ಕೊಡುತ್ತದೆ. ಹೇಳಿಸುವ ಹಕ್ಕನ್ನು ನಮಗೆ ಕೊಟ್ಟಿಲ್ಲ. ಹಾಗಾಗಿ ಸಹಿ ಹಾಕುವುದಿಲ್ಲ, ಸೇರುವುದಿಲ್ಲ ಎನ್ನುವ ವಿದ್ಯಾರ್ಥಿಗೆ ಅಂಕ ಕಡಿತವಿಲ್ಲದ ಬೇರೆ ಕೆಲಸ ಸಿದ್ಧವಿರಬೇಕು.

ಏಳನೇ ವಾರ ತೀರ್ಮಾನಗಳ ನಕ್ಷೆ. ಹಾಳೆಯ ನಡುವೆ ಬದಲಾಗಬೇಕಾದ ಒಂದು ಸಂಗತಿ. ಸುತ್ತ: ಇದನ್ನು ತೀರ್ಮಾನಿಸುವ ಹುದ್ದೆ ಯಾವುದು, ಯಾವ ನಿಯಮದ ಅಡಿ, ಮುಂದಿನ ತೀರ್ಮಾನ ಯಾವಾಗ, ಅವರು ಯಾರ ಮಾತು ಕೇಳುತ್ತಾರೆ, ಬದಲಾದರೆ ನಷ್ಟ ಯಾರಿಗೆ. "ಸರ್ಕಾರ", "ಸಮಾಜ", "ಕಂಪನಿಗಳು" ಎಂದು ಬರೆದದ್ದನ್ನೆಲ್ಲ ಹೊಡೆದುಹಾಕಿಸಿ, ಹುದ್ದೆ ಬರೆಸಿ. ಮೊದಲ ಪ್ರಯತ್ನಕ್ಕೆ ತಮ್ಮದೇ ಶಾಲೆಯ ಖರೀದಿಯೇ ಸೂಕ್ತ: ಆಟದ ಅಂಗಿಗಳನ್ನು ಯಾರಿಂದ, ಯಾವ ಷರತ್ತಿನ ಮೇಲೆ ಕೊಳ್ಳುತ್ತಾರೆ? ತೀರ್ಮಾನಿಸುವವರು ಕಾರಿಡಾರಿನಲ್ಲೇ ಸಿಗುತ್ತಾರೆ, ಎರಡು ವಾರದೊಳಗೆ ಹೌದು ಅಥವಾ ಇಲ್ಲ ಕೇಳಬಹುದು. ನೇರವಾಗಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಗೆ ಪತ್ರ ಬರೆಯುವುದು ನೋಡಲು ಚಂದ, ಕಲಿಕೆ ಕಡಿಮೆ.

ಪತ್ರ ಒಂದು ಪುಟ ಮೀರಬಾರದು. ಮೊದಲ ಪ್ಯಾರಾದಲ್ಲಿ ಕೋರಿಕೆ, ಒಂದೇ ಒಂದು. ಎರಡನೆಯದರಲ್ಲಿ ಮೂಲಸಹಿತ ಎರಡು ಸಾಕ್ಷ್ಯ. ಮೂರನೆಯದರಲ್ಲಿ ಖರ್ಚು ಎಷ್ಟಾದೀತು, ಯಾರಿಗೆ ಕಷ್ಟವಾದೀತು ಎಂಬುದನ್ನು ತಾವೇ ಒಪ್ಪಿಕೊಳ್ಳುವ ಮಾತು. ಇದನ್ನು ಬಿಟ್ಟ ಪತ್ರವನ್ನು ಓದುವವರು ಮಕ್ಕಳಾಟ ಎಂದು ಬದಿಗಿಡುತ್ತಾರೆ. ಕೊನೆಗೆ ಉತ್ತರ ಬೇಕಾದ ದಿನಾಂಕ. ಶಿಕ್ಷಕರು ಸಂಗತಿಗಳ ತಪ್ಪು ತಿದ್ದಬಹುದು, ವಾಕ್ಯಗಳನ್ನು ತಾವೇ ಬರೆಯಬಾರದು. ಸ್ವಲ್ಪ ಒರಟಾದ ಪತ್ರವೇ ಮಕ್ಕಳದ್ದೆಂದು ಗೊತ್ತಾಗುತ್ತದೆ.

ಇನ್ನು ಪೋಸ್ಟರ್. ಅದಕ್ಕೆ ವಿಳಾಸವಿಲ್ಲ, ಉತ್ತರವಿಲ್ಲ, ಸೋಲೂ ಇಲ್ಲ. ಆದ್ದರಿಂದಲೇ ಎಲ್ಲರಿಗೂ ಇಷ್ಟ. ಕಾರ್ಯದ ಪಟ್ಟಿಯಿಂದ ಅದನ್ನು ತೆಗೆದುಬಿಡಿ.

ಉತ್ತರವೇ ಬಾರದಿರುವುದು ಸಹಜ. ಮೂರು ವಾರ ಕಾದು ಎರಡನೇ ಪತ್ರ, ಈ ಸಲ ಪ್ರತಿ ಇನ್ನೊಬ್ಬರಿಗೂ. ನಯವಾಗಿ ಏನನ್ನೂ ಹೇಳದ ಉತ್ತರ ಬಂದರೆ ಅದೇ ಒಂದು ಪೀರಿಯಡ್ಡಿನ ಪಾಠ: ಕ್ರಿಯಾಪದಗಳ ಕೆಳಗೆ ಗೆರೆ ಎಳೆಸಿ. "ಪರಿಶೀಲಿಸಲಾಗುವುದು" ಎಂಬಲ್ಲಿ ಪರಿಶೀಲಿಸುವವರು ಯಾರು, ಎಂದು? ಕಾರಣ ಕೊಟ್ಟು ನಿರಾಕರಿಸಿದರೆ ಅದು ಮೂರರಲ್ಲಿ ಅತ್ಯುತ್ತಮ, ಏಕೆಂದರೆ ವಾದ ಮುಂದುವರಿಸಲು ಏನೋ ಸಿಕ್ಕಿತು.

ನಡುವೆ ಹತಾಶೆ ಬರುತ್ತದೆ. ಅದಕ್ಕೆ ಸಮಾಧಾನದ ಮಾತು ಬೇಡ, ಗೆದ್ದ ಒಂದು ಪ್ರಕರಣವನ್ನು ಬಿಚ್ಚಿ ತೋರಿಸಿ. ಫ್ರಿಜ್, ಸ್ಪ್ರೇ ಡಬ್ಬಿಗಳಲ್ಲಿ ಬಳಸುತ್ತಿದ್ದ ಕ್ಲೋರೊಫ್ಲೋರೊಕಾರ್ಬನ್‌ಗಳಿಂದ ಓಝೋನ್ ಪದರಕ್ಕೆ ಅಪಾಯ ಎಂದು ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲೆಂಡ್ ಹೇಳಿದ್ದು 1974ರಲ್ಲಿ. ಅಂಟಾರ್ಕ್ಟಿಕದ ಮೇಲೆ ಪದರ ತೀವ್ರವಾಗಿ ತೆಳುವಾಗಿದ್ದನ್ನು ಬ್ರಿಟಿಷ್ ವಿಜ್ಞಾನಿಗಳು ಪ್ರಕಟಿಸಿದ್ದು 1985ರಲ್ಲಿ. ಆ ರಾಸಾಯನಿಕಗಳಿಗೆ ಕಡಿವಾಣ ಹಾಕಿದ ಮಾಂಟ್ರಿಯಲ್ ಒಪ್ಪಂದ 1987ರಲ್ಲಿ. ಈಗ ವಿಶ್ವಸಂಸ್ಥೆಯ ಎಲ್ಲ ಸದಸ್ಯ ದೇಶಗಳೂ ಅದರಲ್ಲಿವೆ. ಆ ರಾಸಾಯನಿಕ ತಯಾರಿಸುವ ಕಂಪನಿಗಳು ಕೆಲವೇ ಇದ್ದವು, ಬದಲಿ ವಸ್ತು ಸಿಗುವಂತಿತ್ತು, ಬಡ ದೇಶಗಳ ಖರ್ಚಿಗೆ 1991ರಿಂದ ನಿಧಿ ಇತ್ತು, ಹೊರಗುಳಿದವರೊಂದಿಗೆ ವ್ಯಾಪಾರಕ್ಕೆ ನಿರ್ಬಂಧವಿತ್ತು. ಈ ನಾಲ್ಕರಲ್ಲಿ ಇಂಗಾಲದ ವಿಷಯಕ್ಕೆ ಯಾವುದು ಹೊಂದುತ್ತದೆ, ಯಾವುದು ಹೊಂದುವುದಿಲ್ಲ? ಗೆಲುವಿಗೂ ಗುರುತಿಸಬಹುದಾದ ಕಾರಣಗಳಿವೆಯೆಂದು ಕಂಡವರು ಸುಲಭಕ್ಕೆ ಕೈಚೆಲ್ಲುವುದಿಲ್ಲ. ಎಂಟು ವರ್ಷದೊಳಗಿನವರಿಗೆ ಮಾತ್ರ ದುರಂತದ ಚಿತ್ರಗಳನ್ನು ತೋರಿಸಲೇಬೇಡಿ. ಆಟದ ನಿಯಮ ನ್ಯಾಯವಾಗಿದೆಯೇ, ಪೆನ್ಸಿಲ್ ಎಲ್ಲಿಂದ ಬಂತು ಎಂಬಷ್ಟೇ ಆ ವಯಸ್ಸಿಗೆ ತಕ್ಕದ್ದು.

ಅಂಕ ಯಾವುದಕ್ಕೆ

"ಬೇರೆ ಸಂಸ್ಕೃತಿಗಳನ್ನು ಗೌರವಿಸುತ್ತೀರಾ" ಎಂದು ಪ್ರಶ್ನಾವಳಿ ಕೊಟ್ಟರೆ ಎಲ್ಲರೂ ಹೌದೆನ್ನುತ್ತಾರೆ. ಕರುಣೆಗೆ ಅಂಕ ಕೊಟ್ಟರೆ ಕರುಣೆಯ ನಟನೆ ಕಲಿಯುತ್ತಾರೆ. ಒಇಸಿಡಿ ಎಂಬ ದೇಶಗಳ ಒಕ್ಕೂಟ ನಡೆಸುವ ಅಂತರರಾಷ್ಟ್ರೀಯ ವಿದ್ಯಾರ್ಥಿ ಮೌಲ್ಯಮಾಪನ ಪೀಸಾ 2018ರಲ್ಲಿ 27 ದೇಶ ಮತ್ತು ಆರ್ಥಿಕ ವಲಯಗಳ ಹದಿನೈದರ ವಯಸ್ಸಿನವರಿಗೆ ಜಾಗತಿಕ ಸಾಮರ್ಥ್ಯದ ಪರೀಕ್ಷೆ ನಡೆಸಿದಾಗಲೂ ಸನ್ನಿವೇಶ ಕೊಟ್ಟು ವಿಶ್ಲೇಷಿಸಲು ಹೇಳಿತ್ತು. ವರ್ತನೆಗಳನ್ನು ಬೇರೆ ಪ್ರಶ್ನಾವಳಿಯಲ್ಲಿಟ್ಟು ಅಂಕಗಳಿಂದ ಪ್ರತ್ಯೇಕಿಸಿತ್ತು.

ಹತ್ತನೇ ವಾರ ಮೊದಲ ದಿನದ ಅಂಗಿಯ ಚಿತ್ರವನ್ನು ಮತ್ತೆ ಬರೆಸಿ, ಅದೇ ಹದಿನೈದು ನಿಮಿಷ. ಹಳೆಯದನ್ನು ಪಕ್ಕಕ್ಕಿಟ್ಟು ಎಣಿಸಿ: ಹಂತಗಳೆಷ್ಟು, ಹುದ್ದೆಯಿಂದ ಗುರುತಿಸಿದ ತೀರ್ಮಾನಗಾರರೆಷ್ಟು, ಒಂದು ಪರಿಹಾರದಿಂದ ಇನ್ನೊಬ್ಬರಿಗಾಗುವ ನಷ್ಟ ಗುರುತಿಸಿದ್ದೆಷ್ಟು. ಜೊತೆಗೆ ಅರ್ಧ ಪುಟ: ಈ ಹತ್ತು ವಾರದಲ್ಲಿ ಯಾವ ಅಭಿಪ್ರಾಯ ಬದಲಿಸಿದಿರಿ, ಯಾವ ಸಾಕ್ಷ್ಯದಿಂದ. ಬದಲಿಸದವರು ಏಕೆ ಬದಲಿಸಲಿಲ್ಲ ಎಂದು ಬರೆಯಲಿ. ಎರಡಕ್ಕೂ ಅಂಕ ಸಮ. ಕೋರಿಕೆ ಗೆದ್ದಿತೋ ಸೋತಿತೋ ಎಂಬುದಕ್ಕೆ ಅಂಕವಿಲ್ಲ. ಮೂರು ತಿಂಗಳ ನಂತರ ಮುನ್ನೋಟಿಸು ಕೊಡದೆ, ಬೇರೆ ವಸ್ತುವೊಂದನ್ನು, ಉದಾಹರಣೆಗೆ ಬ್ಯಾಟರಿಯನ್ನು, ಕೊಟ್ಟು ಅದೇ ಚಿತ್ರ ಬರೆಸಿ. ಅಭ್ಯಾಸ ಒಂದು ವಿಷಯದಿಂದ ಇನ್ನೊಂದಕ್ಕೆ ದಾಟಿದೆಯೋ, ಅಂಗಿಯ ಕಥೆಯಷ್ಟೇ ಬಾಯಿಪಾಠವಾಗಿದೆಯೋ ಎಂದು ಆಗ ತಿಳಿಯುತ್ತದೆ.

ಪತ್ರಗಳ ಪ್ರತಿ, ಬಂದ ಉತ್ತರ, ಬಾರದ ಉತ್ತರಗಳ ದಿನಾಂಕ, ತೀರ್ಮಾನಗಳ ನಕ್ಷೆ, ಖರೀದಿ ಸಮಿತಿಯ ಮುಂದಿನ ಸಭೆಯ ದಿನ ಎಲ್ಲವನ್ನೂ ಒಂದು ಕಡತಕ್ಕೆ ಹಾಕಿ ಮುಂದಿನ ವರ್ಷದ ತರಗತಿಗೆ ಕೊಡಿ. ಬಹಳಷ್ಟು ಕೋರಿಕೆಗಳು ಹತ್ತು ವಾರದಲ್ಲಿ ಇತ್ಯರ್ಥವಾಗುವುದಿಲ್ಲ, ಮತ್ತು ಕೇಳಿದವರು ತೇರ್ಗಡೆಯಾಗಿ ಹೋಗಿಬಿಡುತ್ತಾರೆಂದು ತೀರ್ಮಾನಿಸುವವರಿಗೂ ಚೆನ್ನಾಗಿ ಗೊತ್ತು. ಹೊಸ ತಂಡ ಮೊದಲ ವಾರ ಆ ಕಡತವನ್ನು ಓದಿ, ಅದೇ ಕೋರಿಕೆ ಮುಂದುವರಿಸಬೇಕೋ, ತಿದ್ದಬೇಕೋ, ಕೈಬಿಡಬೇಕೋ ಎಂದು ತಾನೇ ಮತ ಹಾಕಲಿ.